ತಿರುವಿ ಕೂಡಿಸಿದ ಹೊಸ್ತಿಲು

ರೋಣದ ಸಂತೆಪೇಟೆಯ ಹಿಂದೆ ಉಸ್ಮಾನಸಾಬರ ಹಳೇ ಕಟ್ಟಿಗೆ ಅಡ್ಡೆ ಇದೆ. ಸುತ್ತಲಿನ ಊರುಗಳಲ್ಲಿ ಕೆಡವಿದ ಮನೆಗಳ ತೊಲೆ, ಜಂತಿ, ಕಂಬ, ಕದಗಳೆಲ್ಲ ಕಡೆಗೆ ಅಲ್ಲಿಗೇ ಬಂದು ಬೀಳುತ್ತವೆ. ಅಬ್ಬಿಗೇರಿಯ ನಮ್ಮ ಹಳೇ ಮನೆಯನ್ನು ರಿಪೇರಿಗೆ ಎತ್ತಿಕೊಂಡಿದ್ದ ನಾನು, ಹೋದ ವರ್ಷ ಉತ್ತರಿ ಮಳೆಯ ಒಂದು ಸಂಜೆ, ತಲಬಾಗಿಲಿನ ಚೌಕಟ್ಟನ್ನು ಕೀಳಿಸಿ ದ್ಯಾವಪ್ಪನ ಟಂಟಂ ಗಾಡಿಯಲ್ಲಿ ಹೇರಿಕೊಂಡು ಅಲ್ಲಿಗೆ ಹೋದೆ. ಹುಳ ತಿಂದ ಕಡೆ ತೇಪೆ ಹಾಕಿಸಿ, ಎಣ್ಣೆ ಹಚ್ಚಿಸಿ ತರುವುದಷ್ಟೇ ಕೆಲಸ. ಚೌಕಟ್ಟು ಕೆಳಗಿಳಿಸುವಷ್ಟರಲ್ಲಿ ಮಳೆ ಹಿಡಿಯಿತು. ತಗಡಿನ ಮೇಲೆ ಸುರಿಯುವ ಸಪ್ಪಳಕ್ಕೆ ದನಿ ಎತ್ತಿ ಮಾತಾಡಬೇಕಾಯಿತು, ಕರೆಂಟೂ ಹೋಯಿತು.

ಅಡ್ಡೆ ಈಗ ಮಗ ಸಾಜೀದನ ಕೈಯಲ್ಲಿದೆ. ಉಸ್ಮಾನಸಾಬರು ಎಂಬತ್ತು ದಾಟಿದವರು, ಬಾಗಿಲ ಹತ್ತಿರದ ಒಂದು ತೊಲೆಯ ಮೇಲೆ ಗೋಣಿತಾಟು ಹಾಕಿಕೊಂಡು ಕೂತು, ಬಂದವರ ಕಟ್ಟಿಗೆಯಲ್ಲಿ ಹುಳುಕು ಹುಡುಕುವುದೇ ಅವರ ಈಗಿನ ಉದ್ಯೋಗ. ಸಾಜೀದನ ಹೆಂಡತಿ ಆಸಿಫಾ ಚಹಾ ತಂದುಕೊಟ್ಟು ಹೋದಳು. ದ್ಯಾವಪ್ಪ ಬೀಡಿ ಹಚ್ಚಿ, ಹಿರಿಯರಿಗೂ ಒಂದು ಮುಂದೆ ಹಿಡಿದ.

"ಬ್ಯಾಡೋ ತಮ್ಮಾ," ಅಂದರು ಅವರು. "ನನ್ನ ಪಾಲಿಂದು ಬ್ಯಾರೆ ಒಬ್ಬಾಂವ ಸೇದಾಕತ್ಯಾನ."

ನಾವು ನಕ್ಕೆವು. ಸಾಜೀದ ನಗಲಿಲ್ಲ. ಟಾರ್ಚಿನ ಬೆಳಕಿನಲ್ಲಿ ಅವನು ನಮ್ಮ ಚೌಕಟ್ಟನ್ನು ತಟ್ಟಿ ನೋಡುತ್ತಿದ್ದ. ಆಗ ನಾನು ಸುಮ್ಮನಿರದೆ ಕೇಳಿದೆ, "ಸಾಜೀದಣ್ಣಾ, ಇದನ್ನ ಹಿಂದ ಮುಂದ ತಿರಿವಿ ಕೂಡಸಿದ್ರ ಹ್ಯಾಂಗ? ಕದಾ ಹೊರಗ ತೆರದ್ರ, ಪಡಸಾಲ್ಯಾಗ ಸೋಫಾ ಹಾಕಾಕ ಜಾಗಾ ಆಗತೈತಿ."

ಸಾಜೀದನ ಕೈ ನಿಂತಿತು. ಅವನು ತಂದೆಯ ಕಡೆ ನೋಡಿದ. ಮುದುಕರು ಚಹಾದ ಕಪ್ಪನ್ನು ತೊಲೆಯ ಮೇಲಿಟ್ಟು, ನನ್ನನ್ನೇ ಒಂದಷ್ಟು ಹೊತ್ತು ನೋಡಿದರು.

"ಮಳಿ ಲಗೂನ ಬಿಡೂದಿಲ್ಲ. ಕುಂದರ್ರಿ," ಅಂದರು. "ಸಾಜೀದಾ, ಆ ಟಾರ್ಚ್ ಆರಸು. ಮಾರಿ ಮ್ಯಾಲ ಬೆಳಕು ಬಿದ್ರ ನನಗ ಮಾತಾಡಾಕ ಆಗೂದಿಲ್ಲ."

ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು. ಒಳಗೆ ಅವರ ಬಿಳೀ ಟೊಪ್ಪಿಗೆಯಷ್ಟೇ ಕಾಣುತ್ತಿತ್ತು.

ಕೇಳ್ರೆಪಾ... ನಿಮ್ಮನ್ನ ಹೆದರಸಾಕಂತ ನಾ ಏನ ಕತಿ ಕಟ್ಟಾಕ ಕುಂತಿಲ್ಲ. ಈ ವಯಸ್ಸಿನ್ಯಾಗ ಸುಳ್ಳ ಹೇಳಿ ಏನ ಮಾಡೂದೈತಿ? ಇದು ನಾ ಮಾಡಿದ ತಪ್ಪಿನ ಮಾತು. ತಪ್ಪ ಮಾಡಿದಾಂವ ತಾನ ಹೇಳಬೇಕು, ಮಂದಿ ಬಾಯಾಗ ಬಿದ್ರ ಅದಕ್ಕ ಕೋಡು, ಬಾಲಾ ಎಲ್ಲಾ ಮೂಡತಾವು.

ಮುಶಿಗೇರಿ ನೋಡೀರಿಲ್ಲೋ? ಆ ಊರ ಕಡೀಗೆ, ಎರಿ ಹೊಲಾ ಸುರು ಆಗೂ ಜಾಗಾದಾಗ ಒಂದ ಮನಿ ಐತಿ. ಹೂವಪ್ಪನ ಮನಿ ಅಂತಾರ. ಮಣ್ಣಿನ ಗ್ವಾಡಿ, ಮಣ್ಣಿನ ಮಾಳಿಗಿ, ಒಳಗ ಹೊಕ್ಕ ಕೂಡ್ಲೆ ಒಂದ ಕಡೆ ದನಾ ಕಟ್ಟೂ ಜಾಗಾ, ಮೆಟ್ಟಲಾ ಹತ್ತಿದ್ರ ಪಡಸಾಲಿ. ಎತ್ತೂ ಅದ ಬಾಗಲದಾಗ, ಮನಶಾರೂ ಅದ ಬಾಗಲದಾಗ. ನಮ್ಮ ಕಡೆ ಹಳೇ ಮನಿ ಎಲ್ಲಾ ಹಂಗ ಅಲ್ಲೇನು? ಹೂವಪ್ಪಗ ಮಕ್ಕಳಿದ್ದಿಲ್ಲ. ಹೇಣ್ತಿ ಮೊದಲ ಹೋದ್ಲು, ಆಮ್ಯಾಲ ಅಂವಾ ಹೋದ. ಅವನ ಮಣ್ಣಿಗೆ ಬಂದಾವ್ರು ಕದಾ ಎಳದು ಕೀಲಿ ಜಡದು ಹೋದಾವ್ರು, ಆ ಕೀಲೀಕೈ ಯಾರ ಕಿಸೇದಾಗ ಹೋತೋ ಯಾರಿಗೂ ಗೊತ್ತಿಲ್ಲ. ಹದಿನೆಂಟ ವರ್ಷ ಆ ಮನಿ ಹಂಗ ನಿಂತಿತ್ತು. ಹಿತ್ತಲ ಗ್ವಾಡಿ ಕುಸೀತು, ಮಾಳಿಗಿ ಒಂದ ಕಡೆ ಜಗ್ಗಿತು, ಮುಂದಿನ ಬಾಗಲಾ ಮಾತ್ರ ಹಾಕಿದ್ದು ಹಾಕಿದಂಗ ಇತ್ತು.

ಈಗ ಎಂಟ ವರ್ಷದ ಕೆಳಗ ನಿರ್ಮಲಾ ಅಕ್ಕೋರು ನನ್ನ ಹುಡಿಕ್ಕೊಂಡ ಇದ ಅಡ್ಡೇಕ ಬಂದ್ರು. ರೋಣದಾಗ ಸಾಲಿ ಕಲಿಸಿ ಆಗಷ್ಟ ರಿಟೈರ್ ಆಗಿದ್ರು. ಹೂವಪ್ಪನ ಖಾಸಾ ತಂಗೀ ಮಗಳು. ಲಗ್ನಾ ಆಗಿದ್ದಿಲ್ಲ, ತಾಯಿ ತೀರಿ ಎಷ್ಟೋ ವರ್ಷ ಆಗಿತ್ತು, ಹಿಂದಿಲ್ಲ ಮುಂದಿಲ್ಲ. ಮನಿ ಆಕೀ ಪಾಲಿಗೆ ಬಂದಿತ್ತು. "ಕಾಕಾ, ಮನಿ ಹೊಸಾದು ಮಾಡಬ್ಯಾಡ್ರಿ, ಹಳೇದು ಹ್ಯಾಂಗಿತ್ತೋ ಹಂಗ ನಿಂದರಸಿ ಕೊಡ್ರಿ" ಅಂದ್ಲು. ಕಟಗಿ ಕೆಲಸಾ ನಾ ಹಿಡದೆ, ಮಣ್ಣಿನ ಕೆಲಸಾ ಪರಶಪ್ಪ ಮೇಸ್ತ್ರಿ ಹಿಡದ. ಮನಿ ಕಟ್ಟಿ ನೋಡು ಅಂತಾರಲ್ಲ, ಹಳೇ ಮನಿ ರಿಪೇರಿ ಮಾಡಿ ನೋಡು ಅನ್ನಬೇಕದನ್ನ. ಒಂದ ಜಂತಿ ಎಳದ್ರ ನಾಕ ಉದರತಾವು.

ಮನಿಗೆ ಇನ್ನೂ ಮಾಳಿಗಿ ಆಗಿದ್ದಿಲ್ಲ, ಅಕ್ಕೋರು ಗಜೇಂದ್ರಗಡ ಸಂತ್ಯಾಗ ನಾಕ ಆಡು ತಂದ್ರು. ಹಿತ್ತಲದಾಗ ಒಂದ ತಗಡಿನ ಶೆಡ್ಡು ಹಾಕಿಸಿ ಕಟ್ಟಿದ್ರು. ಚಂದ್ರಿ, ಗೌರಿ, ಬೋರಿ, ಮತ್ತ ಪುಟ್ಟಿ ಅನ್ನೂ ಒಂದ ಮರಿ. ಮಾರೂದಿಲ್ಲ, ಕೊಯ್ಯಾಕ ಕೊಡೂದಿಲ್ಲ, ಹಾಲೂ ಮರಿ ಕುಡದು ಉಳದ್ರಷ್ಟ. ಊರಾಗ ಮಂದಿ ನಗೂದ ನಗೂದು... ಪೆನ್ಶನ್ ಬರೂ ಅಕ್ಕೋರಿಗೆ ಆಡು ಕಾಯೂ ಹಣೇಬಾರಾ ಯಾಕ ಬಂತು ಅಂತ. ಆಕಿ ಯಾರ ಮಾತೂ ಮನಸಿಗೆ ಹಚಗೊಳಲಿಲ್ಲ. ಸಂಜಿಕ ಕಟ್ಟಿ ಮ್ಯಾಲ ಕುಂತು ಸಾಲ್ಯಾಗ ಹಾಜರಿ ತಗೊಂಡಂಗ ಒಂದೊಂದ ಹೆಸರ ಹಿಡದು ಕರೀತಿದ್ಲು. "ಚಂದ್ರಿ..." ಅಂದ್ರ ಚಂದ್ರಿ "ಮ್ಯಾ" ಅಂತಿತ್ತು. "ಗೌರಿ..." ಅಂದ್ರ ಗೌರಿ. ನಾ ಬಾಚಿ ಕೆಳಗಿಟ್ಟು ನೋಡತಿದ್ದೆ. ನಲವತ್ತ ವರ್ಷ ಹುಡುಗೂರ ಹೆಸರು ಕರದಾಕಿ, ಈಗ ಕರೀಲಿಕ್ಕೆ ಯಾರೂ ಇಲ್ಲದ್ದಕ್ಕ ಆಡಿನ ಹೆಸರು ಕರೀತಾಳ ಅನಿಸಿ, ನನಗ ಭಾಳ ಕೆಡಕ ಅನಸ್ತಿತ್ತು.

ನಾವೆಲ್ಲಾ ಹಿತ್ತಲದಾಗ ಬಿದ್ದ ಗ್ವಾಡಿ ದಾಟೇ ಒಳಗ ಹೋಗಿ ಬಂದು ಮಾಡತಿದ್ದಿವಿ. ನಾ ಒಂದ ಸರ್ತಿ ಅಂದೆ, ಮುಂದಿನ ಕೀಲಿ ಒಡೀತೀನ್ರಿ, ಸಾಮಾನು ತರಾಕ ಸಲೀಸ ಆಗತೈತಿ ಅಂತ. "ಬ್ಯಾಡ ಕಾಕಾ" ಅಂದ್ಲು. "ಮನಿ ಎಲ್ಲಾ ಸಜ್ಜಾಗಲಿ. ಪೂಜಿ ಮಾಡಿ ಬಲಗಾಲ ಇಟ್ಟು ಆ ಹೊಸ್ತಿಲಾ ದಾಟತೀನಿ. ಅಲ್ಲೀತನಾ ಅದರಾಗ ಕಾಲ ಹಾಕೂದಿಲ್ಲ." ಯಾಕಂತ ಕೇಳಿದ್ದಕ್ಕ ಅವತ್ತ ಹೇಳಿದ್ಲು ನೋಡ್ರಿ...

ಆಕೀ ಅವ್ವ ಸಿದ್ದಲಿಂಗವ್ವ ಗಂಡನ್ನ ಕಳಕೊಂಡು, ಕೈಗೂಸು ಎತಗೊಂಡು ಅಣ್ಣನ ಮನೀಗೆ ಬಂದಿದ್ಲು. ಕೂಸು ಏಳ ವರ್ಷದ್ದಾತು. ಅದಕ್ಕ ಒಂದ ಆಡಿನ ಮರಿ ಹುಚ್ಚು. ಅದರ ಹೆಸರೂ ಚಂದ್ರಿ. ಒಂದ ದಿನ ಮನೀಗೆ ಅಯ್ಯಾರು ಬಂದಿದ್ರು, ಪಾದಪೂಜಿ ನಡದಿತ್ತು, ಬೀಗರು ಬಿಜ್ಜರು ಕುಂತಿದ್ರು. ಕದಾ ಮುಂದ ಮಾಡಿದ್ರು, ಅಗಳಿ ಹಾಕಿದ್ದಿಲ್ಲ. ಆಡಿಗೆ ಏನ ಬೇಕು? ತಲೀಲೆ ಒಂದ ಗುದ್ದು ಗುದ್ದಿತು, ಕದಾ ಒಳಗ ತೆರೀತು, ಸೀದಾ ಜಗಲಿಗೆ ಹೋಗಿ ಪೂಜಿಗಿಟ್ಟ ಪತ್ರಿ ಎಲ್ಲಾ ತಿಂದು, ತಂಬಿಗಿ ಉಳ್ಳಿಸಿ ಬಿಡ್ತು. ಹೂವಪ್ಪ ಸಿಟ್ಟಿನ ಮನಶಾ, ಅದರಾಗ ನಾಕ ಮಂದ್ಯಾಗ ಮಾರಿ ಸಣ್ಣದಾಗಿತ್ತು. ಆಡಿಗೆ ಹೊಡಿಯಾಕ ಹೋದ, ಹುಡಿಗಿ ಅಡ್ಡ ಬಂತು, ಹುಡಿಗಿಗೆ ಕೈ ಎತ್ತಿದ. ಸಿದ್ದಲಿಂಗವ್ವ, "ಮೂಕ ಪ್ರಾಣಿ ಅಣ್ಣಾ, ಅದಕ್ಕೇನ ತಿಳೀತೈತಿ" ಅಂದ್ಲು. ಅಷ್ಟ ಅಂದದ್ದು. "ಹಂಗಾರ ನೀನೂ ನಿನ್ನ ಮಗಳೂ ಹೊಸ್ತಿಲಾ ದಾಟ್ರಿ" ಅಂದುಬಿಟ್ಟ. ಸಿಟ್ಟಿನ್ಯಾಗ ಮನಶಾ ಏನೇನೋ ಅಂತಾನ. ಆದ್ರ ಆ ತಾಯೀನೂ ಅವನ ತಂಗೀನ ಅಲ್ಲ? ಮಗಳ ಕೈ ಹಿಡದು ದಾಟಿದ್ಲು. ನಡಕೋತ ರೋಣಕ್ಕ ಬಂದ್ಲು. ಆಡು ಅಲ್ಲೇ ಉಳೀತು. ಹುಡಿಗಿ ಊರ ಅಗಸೀತನಾ ಹಿಂದ ಹೊಳ್ಳಿ ಹೊಳ್ಳಿ ನೋಡಿತ್ತಂತ.

ಅಣ್ಣ ಕರೀಲಿಲ್ಲ, ಈಕಿ ಹೋಗಲಿಲ್ಲ. ರೋಣದಾಗ ಮಂದಿ ಮನ್ಯಾಗ ರೊಟ್ಟಿ ಬಡದು ಮಗಳನ್ನ ಸಾಲಿ ಓದಿಸಿದ್ಲು. ಸಾಯೂ ಮುಂದ ಒಂದ ಮಾತ ಅಂದಿದ್ಲಂತ, "ನಿಮ್ಮೀ, ಒಮ್ಮೆರೆ ಆ ಹೊಸ್ತಿಲಾ ದಾಟಿ ಒಳಗ ಹೋಗಬೇಕಿತ್ತವಾ..." ಅಂತ. ಅದನ್ನ ಹೇಳೂ ಮುಂದ ಅಕ್ಕೋರು ಅಳಲಿಲ್ಲ. ನಾನ ಅತ್ತೆ.

ಮುದುಕರು ಕೂತಲ್ಲೇ ಗೋಣಿತಾಟು ಸರಿಮಾಡಿಕೊಂಡರು. ಮಳೆ ಸ್ವಲ್ಪ ಕಡಿಮೆಯಾಗಿ, ತಗಡಿನ ಅಂಚಿನಿಂದ ನೀರು ಬೀಳುವ ಸಪ್ಪಳ ಬೇರೆಯಾಗಿ ಕೇಳುತ್ತಿತ್ತು. ದ್ಯಾವಪ್ಪನ ಬೀಡಿ ಆರಿಹೋಗಿತ್ತು, ಅವನು ಮತ್ತೆ ಹಚ್ಚಲಿಲ್ಲ.

ಈಗ ನನ್ನ ತಪ್ಪಿಗೆ ಬರ್ತೀನಿ. ಎಲ್ಲಾ ಮುಗದು ಕಡೀಗೆ ತಲಬಾಗಲಾ ಉಳೀತು. ಅಕ್ಕೋರು ಅಂದ್ರು, "ಕಾಕಾ, ಈ ಬಾಗಲಾ ತಿರಿವಿ ಕೂಡಸ್ರಿ. ಕದಾ ಹೊರಗ ತೆರಿಯೂಹಂಗ ಆಗಲಿ. ಆಡು ಹೊರಗಿಂದ ಎಷ್ಟ ಗುದ್ದಿದ್ರೂ ಒಳಗ ಬರಬಾರದು. ಆಡು ಒಳಗ ಬಂದದ್ದಕ್ಕ ನಮ್ಮವ್ವ ಹೊರಗ ಬೀಳಬೇಕಾತು." ಮಾತ ಖರೇ ಐತಿ, ಇಲ್ಲ ಅನ್ನಾಕ ಬರೂದಿಲ್ಲ. ಆದ್ರ ಹಳೇ ಚೌಕಟ್ಟಿಗೆ ಕದಾ ಕೂಡೂ ಕಚ್ಚು ಒಂದ ಕಡೆ ಕೆತ್ತಿರತಾರ, ಬರೇ ಕದಾ ತಿರಿವಿದ್ರ ಆಗೂದಿಲ್ಲ, ಹೊಸ್ತಿಲಾ ಸಮೇತ ಇಡೀ ಚೌಕಟ್ಟನ್ನ ತಿರಿವಬೇಕು. ನಮ್ಮಪ್ಪ ನನಗ ಬಾಚಿ ಹಿಡಿಯಾಕ ಕಲಸೂ ಮುಂದನ ಹೇಳಿದ್ದ, "ಹೊಸಾ ಹೊಸ್ತಿಲಾ ಹ್ಯಾಂಗರೆ ಹಾಕು, ಹಳೇದನ್ನ ಮಾತ್ರ ತಿರಿವಬ್ಯಾಡ. ಮಂದಿ ಕಾಲ ಬಿದ್ದು ಬಿದ್ದು, ಒಳಗ ಯಾವದು ಹೊರಗ ಯಾವದು ಅಂತ ಅದಕ್ಕ ರೂಢಿ ಆಗಿರತೈತಿ." ನಾ ಅದನ್ನ ಅಕ್ಕೋರಿಗೆ ಹೇಳಿದೆ. ಆಕಿ ನಕ್ಕು, "ಕಟಗಿಗೆ ಏನ ತಿಳೀತೈತಿ ಕಾಕಾ?" ಅಂದ್ಲು. ಹಂಗಾರ ಹೊಸಾ ಹೊಸ್ತಿಲಾ ಮಾಡ್ತೀನಿ ಅಂದೆ. "ನಮ್ಮವ್ವ ದಿನಾ ತೊಳದು ಅರಿಷಿಣಾ ಕುಂಕುಮಾ ಹಚ್ಚಿದ ಹೊಸ್ತಿಲಾ ಅದು, ಅದನ್ನ ಬಿಡಾಕ ಆಗೂದಿಲ್ಲ" ಅಂದ್ಲು.

ನಾ ಮತ್ತ ಒಮ್ಮಿ ಗಟ್ಟಿಸಿ ಹೇಳಬೇಕಿತ್ತೋ ಇಲ್ಲೋ? ಹೇಳಲಿಲ್ಲ. ಸಾಲಿ ಕಲಿಸಿದಾಕೀ ಮುಂದ ನಾ ಯಾಕ ಹಳ್ಳಿ ಹೆಡ್ಡ ಆಗಲಿ ಅಂತ ನಾಚಿಕೊಂಡ ಸುಮ್ಮನಾದೆ. ಆ ನಾಚಿಕಿ ಇವತ್ತೂ ನನ್ನ ಎದ್ಯಾಗ ಮುರದ ಮೊಳಿ ಹಂಗ ಕುಂತೈತಿ.

ಹಿತ್ತಲದಿಂದ ಒಳಗ ಹೋದೆ. ಒಬ್ಬನ. ಒಳಗಿಂದ ಕದದ ಕೀಲು ಕಳಚಿ, ಕದಾ ಎರಡೂ ಸರಿಸಿ ಗ್ವಾಡಿಗೆ ಆನಿಸಿದೆ. ಹದಿನೆಂಟ ವರ್ಷದ ಮ್ಯಾಲ ಬೆಳಕು ಬಿತ್ತು ಆ ಪಡಸಾಲೀಗೆ. ಒಂದ ಬೀಡಿ ಹಚಗೊಂಡು, ಹೊಸ್ತಿಲಾ ದಾಟಿ ಹೊರಗ ಬಂದು ನಿಂತೆ. ಆಮ್ಯಾಲ ಹಾರೀ ಹಾಕಿ ನಾವು ಐದ ಮಂದಿ ಚೌಕಟ್ಟು ಕಿತ್ತಿವಿ, ತಿರಿವಿದಿವಿ, ಕೂಡಸಿದಿವಿ. ಬಾಗಲಾ ಕೂಡಸಿದ ಬಡಿಗ್ಯಾ ಮೊದಲ ದಾಟಬಾರದು, ಮನಿ ಯಜಮಾನತಿ ದಾಟಬೇಕು. ಅಕ್ಕೋರು ಹೊಸ್ತಿಲಾ ತೊಳದು, ಅರಿಷಿಣಾ ಹಚ್ಚಿ, ಕಾಯಿ ಒಡದು, ಬಲಗಾಲ ಇಟ್ಟು ಒಬ್ಬಾಕೀನ ಒಳಗ ಹೋದ್ಲು. ನಾ ಹೊರಗ ನಿಂತು ಬೆಲ್ಲಾ ಕೊಬ್ರಿ ಇಸಗೊಂಡು ರೋಣಕ್ಕ ಬಂದೆ. ಇವತ್ತಿನತನಾ ಆ ಬಾಗಲದಾಗ ನಾ ಒಳಗ ಹೋಗಿಲ್ಲ. ಇದನ್ನ ನೆನಪಿಟಗೊಳ್ರಿ.

ನಾಕ ತಿಂಗಳಾದ ಮ್ಯಾಲ ಅಗಳಿ ಬಿಗಿ ಆಗೇತೆಂತ ಕರದ್ರು, ಹೋದೆ. ಅಕ್ಕೋರು ಕಟ್ಟಿ ಮ್ಯಾಲ ಕುಂತಿದ್ಲು. ಅಗಳಿ ಮಾತ ಎತ್ತಲಿಲ್ಲ. "ಕಾಕಾ, ಆಡು ದಾರಿ ಬಿಡತಾವು" ಅಂದ್ಲು.

ಏನಂದ್ರ... ಸಂಜೀಕ ಮೇದು ಬಂದು ಆಡು ನಾಕೂ ಬಾಗಲದ ಮುಂದ ಮಲಗತಾವು. ಹಿಂಗ ಮಲಗಿದ್ದು ಒಮ್ಮಿಂದೊಮ್ಮೆಲೆ ಏಳತಾವು. ಎರಡ ಆ ಕಡೆ, ಎರಡ ಈ ಕಡೆ ಸರದು, ನಡುವ ಒಬ್ಬ ಮನಶಾ ಹಾಯೂವಷ್ಟ ದಾರಿ ಬಿಟ್ಟು ನಿಂದರತಾವು. ಬಂದಾವ್ರ ಮಾರಿ ನೋಡಿದಂಗ ಗೋಣ ಎತ್ತಿ ನೋಡತಾವು. ಆಮ್ಯಾಲ ಒಳಗ ಸಪ್ಪಳಾ ಆಗತೈತಿ. ದಿನಾ ಅಲ್ಲ, ಹದಿನೈದ ದಿನಕ್ಕ, ತಿಂಗಳಕ್ಕ ಒಮ್ಮಿ. ಆಕಿ ಸಾಲಿ ಮಾಸ್ತರಿಣಿ ಅಲ್ಲೇನ್ರಿ, ಒಂದ ನೋಟಬುಕ್ಕಿನ್ಯಾಗ ಬರದಿಟ್ಟಿದ್ಲು. ಮೊದಲನೇದಾಂವ ಯಾರಂತ ತಿಳೀಲಿಲ್ಲಂತ. ಬೀಡಿ ವಾಸನಿ ಬಂತಂತ. ಅವರ ಮನ್ಯಾಗ ಯಾರೂ ಬೀಡಿ ಸೇದತಿದ್ದಿಲ್ಲ. ಎರಡನೇದಕ್ಕ ಊರುಗೋಲು ಕಂಬಕ್ಕ ಆನಿಸಿದ ಸಪ್ಪಳಾ, ಹೂವಪ್ಪನ ಕೆಮ್ಮು. ಮೂರನೇದಕ್ಕ ಬಳಿ ಸಪ್ಪಳಾ, ಹೂವಪ್ಪನ ಹೇಣ್ತೀದು. ನಾಕನೇ ಸರ್ತಿ ಆಡು ಅಂಗಳದ ಕಡೀತನಾ ಹಿಂದ ಸರದ್ವಂತ, ದೊಡ್ಡ ದಾರಿ ಬಿಟ್ಟು. ಒಳಗ ಸೆಗಣಿ ವಾಸನಿ, ಬುಸು ಬುಸು ಉಸರು, ಮುಂಜಾನೆ ಗ್ವಾದಲ್ಯಾಗ ಮೇವು ಕಡಿಮಿ. ಹೂವಪ್ಪ ಮಾರಿದ ಎತ್ತು.

"ಊರಾಗ ಹಿರೇರನ್ನ ಕೇಳೀನಿ ಕಾಕಾ" ಅಂದ್ಲು. "ಈ ಮನಿ ಋಣಾ ಇದ್ದು, ಈ ಬಾಗಲಾ ದಾಟಿ ಹೋಗಿ ಮತ್ತ ತಿರುಗಿ ಬರಲಾರದಾವ್ರು, ಕಟ್ಟಕಡೀಗೆ ಹೋದಾವ್ರಿಂದ ಹಿಡದು ಸಾಲಾಗಿ ಬರಾಕತ್ಯಾರ. ಹೊಸ್ತಿಲಾ ತಿರಿವಿದಿವಲ್ಲ, ಹೊರಗ ಹೋದ ದಾರಿ ಈಗ ಒಳಗ ಬರೂ ದಾರಿ ಆಗೇತಿ."

ನಾಳೇನ ಆಳ ಕರಕೊಂಡ ಬಂದು ತಿರಿವಿ ಮೊದಲಿನಂಗ ಕೂಡಸ್ತೀನಿ ಅಂದೆ. ಆಕಿ ನನ್ನ ಕೈ ಹಿಡಕೊಂಡ್ಲು. ಯಾರ ಮುಂದೂ ಕೈ ಚಾಚಿದಾಕಿ ಅಲ್ಲ ಆಕಿ. "ಬ್ಯಾಡ ಕಾಕಾ. ಎತ್ತಿಗಿಂತ ಮೊದಲ ಹೋದಾಕಿ ನಮ್ಮಮ್ಮ, ಹೂವಪ್ಪ ಮಾಂವನ ಅವ್ವ. ಆಕಿಗಿಂತ ಮೊದಲ ಹೋದಾಕಿ ನಮ್ಮವ್ವ. ಇನ್ನ ಒಬ್ಬಾಕಿ ಬಂದ್ರ, ಆಮ್ಯಾಲ ನಮ್ಮವ್ವನ ಪಾಳಿ" ಅಂದ್ಲು... ಈಗ ನೀವ ಹೇಳ್ರಿ. 'ನಿಮ್ಮವ್ವ ಬರೂಕಿಂತ ಮೊದಲ ನಾ ಬಾಗಲಾ ಕೀಳತೀನಿ' ಅನ್ನಾಕ ಯಾರ ನಾಲಿಗಿ ಹೊಳ್ಳತೈತಿ? ನಾ ಸುಮ್ಮನ ಎದ್ದು ಬಂದೆ. ಎರಡನೇ ಸರ್ತಿ ಸುಮ್ಮನಾದೆ.

ಅಮ್ಮ ಬಂದ ಸುದ್ದಿ ಫೋನಿನ್ಯಾಗ ಹೇಳಿದ್ಲು. ಆಮ್ಯಾಲ ಮೂರ ವಾರ ಆತು. ಒಂದ ದಿನಾ ಮಧ್ಯಾನ ಮತ್ತ ಫೋನ್ ಮಾಡಿ, "ಕಾಕಾ, ಇವತ್ತ ಆಡು ಮುಂಜಾನಿಂದ ಬಾಗಲಾ ಬಿಟ್ಟ ಕದಲಲಿಲ್ಲ. ನೀವೂ ಬರ್ರಿ, ನನಗ ಒಬ್ಬಾಕಿಗೆ ಧೈರ್ಯ ಸಾಲದು" ಅಂದ್ಲು. ಹೋದೆ. ಆಕಿ ಇಳಕಲ್ಲ ಸೀರಿ ಉಟ್ಟಿದ್ಲು. ಕಟಕ ರೊಟ್ಟಿ, ಪುಂಡಿ ಪಲ್ಯ, ತಾಯಿಗೆ ಸೇರತಿದ್ದ ಗುರೆಳ್ಳ ಚಟ್ನಿ, ಎಲ್ಲಾ ಮಾಡಿಟ್ಟು, ಬಾಗಲಕ್ಕ ಎದರಾಗಿ ಪಡಸಾಲ್ಯಾಗ ಕುಂತ್ಲು. ನಾ ಹೊರಗ ಬೇವಿನ ಗಿಡದ ಬುಡಕ ಕುಂತೆ. ಹೊತ್ತ ಮುಣಗಾಕ ಬಂದಿತ್ತು, ಹೊಲದಾವ್ರು ಮನೀಗೆ ಹೊಂಟಿದ್ರು, ಹಾದ್ಯಾಗ ದೂಳು.

ಆಡು ಎದ್ದ್ವು.

ನಾ ನನ್ನ ಕಣ್ಣೀಲೆ ನೋಡೀನಿ ತಮ್ಮಾ. ಚಂದ್ರಿ, ಗೌರಿ, ಬೋರಿ ಮೂರೂ ಸರದು ದಾರಿ ಬಿಟ್ಟ್ವು. ಪುಟ್ಟಿ ಮರಿ ಸರೀಲಿಲ್ಲ. ಅದು ನಡುದಾರ್ಯಾಗ ನಿಂತು ಗೋಣ ಮುಂದ ಚಾಚಿತು, ಕಣ್ಣ ಮುಚ್ಚಿತು... ಯಾರೋ ಗದ್ದದ ಕೆಳಗ ಕೆರದಂಗ. ಅದರ ಕಿವಿ ಹಿಂದಕ ಮಲಗಿದ್ವು, ಸಣ್ಣ ಕೈಯಾಗ ಸವರಿದಂಗ. ದೊಡ್ಡಾವ್ರ ಕೈ ಅಷ್ಟ ಕೆಳಗ ಬರೂದಿಲ್ಲ. ಆಮ್ಯಾಲ ಅದೂ ಸರದು ನಿಂತಿತು.

ಒಳಗ ನನಗ ಅಕ್ಕೋರ ದನಿ ಒಂದ ಕೇಳತಿತ್ತು. "ಅವ್ವಾ" ಅಂದ್ಲು. ಸ್ವಲ್ಪ ಹೊತ್ತ ಬಿಟ್ಟು, "ನಾ ಅವ್ವಾ... ನಾ ನಿಮ್ಮಿ" ಅಂದ್ಲು. ಮತ್ತ ಭಾಳ ಹೊತ್ತ ಏನೂ ಇಲ್ಲ. ಆಮ್ಯಾಲ ಸಾವಕಾಶ, "ಹೌದವಾ, ಹೌದು... ನಾ ಬ್ಯಾರೆ ಊರಾಕಿ. ಹಿಂಗ ಹಾದು ಹೊಂಟಿದ್ದೆ" ಅಂದ್ಲು.

ಹಿತ್ತಲ ಬಾಗಲಾ ಸಪ್ಪಳಾ ಆತು. ಅಕ್ಕೋರು ಮನಿ ಸುತ್ತ ಹಾಕಿ ನಾ ಕುಂತಲ್ಲಿ ಬಂದು ಕುಂತ್ಲು. ಅವ್ವ ಬಂದಿದ್ಲಂತ. ಇಪ್ಪತ್ತೇಳ ವರ್ಷದ ಹೆಣಮಗಳು, ಹೊರಗ ಹೋಗೂ ಮುಂದ ಹ್ಯಾಂಗಿದ್ಲೋ ಹಂಗ. ಕೈಯಾಗ ಏಳ ವರ್ಷದ ಹುಡಿಗಿನ್ನ ಹಿಡಕೊಂಡಿದ್ಲಂತ. ಆ ಹೊಸ್ತಿಲಾ ದಾಟಿ ಹೋದಾಕಿ ಅವ್ವ ಒಬ್ಬಾಕೀನ ಅಲ್ಲಲ್ಲ? ಹುಡಿಗೀನೂ ಹೋಗಿತ್ತು, ತಿರುಗಿ ಬಂದಿದ್ದಿಲ್ಲ. ಅವ್ವ ಈಕೀ ಬಿಳೀ ಕೂದಲಾ ನೋಡಿ, "ಯಾರವಾ ನೀ? ಯಾರ ಪೈಕಿ?" ಅಂದ್ಲಂತ. ನಾ ನಿಮ್ಮಿ ಅಂದದ್ದಕ್ಕ ಸೆರಗಿನ್ಯಾಗ ಮಗಳನ್ನ ಮುಚಗೊಂಡು, "ನಮ್ಮ ನಿಮ್ಮಿ ಇಲ್ಲೇ ಅದಾಳಲ್ಲ" ಅಂದ್ಲಂತ. ಹುಡಿಗಿ ಹೆದರಿತಂತ.

ಸತ್ತಾವ್ರನ್ನ ನೋಡಿ ನಾವು ಹೆದರತೀವಿ. ನಮ್ಮನ್ನ ನೋಡಿ ಅವರು ಹೆದರಿದ್ರ ಹ್ಯಾಂಗ ಆಗಬ್ಯಾಡ ಹೇಳ್ರಿ ಆ ಜೀವಕ್ಕ? ಹುಟ್ಟಿದಾಗಿಂದ ಅವ್ವ ಒಬ್ಬಾಕೀನ ತನ್ನಾಕಿ ಅಂತ ಇದ್ದದ್ದು.

ನಾ ಎದ್ದು ಅಂದೆ, ಈಗಿಂದೀಗ ಬಾಗಲಾ ಕೀಳತೀನಿ, ತಿರಿವತೀನಿ ಅಂತ. ಅಕ್ಕೋರು, "ಕಿತ್ತರ ಅವರೆಲ್ಲಾ ಮತ್ತ ಹೊರಗ ಹೋಗ್ತಾರೇನು?" ಅಂತ ಕೇಳಿದ್ಲು. ನನಗೇನ ಗೊತ್ತು? ನಮ್ಮಪ್ಪ ತಿರಿವಬ್ಯಾಡ ಅಂದಿದ್ದ, ತಿರಿವಿದ ಮ್ಯಾಲ ಏನ ಮಾಡಬೇಕಂತ ಹೇಳಿದ್ದಿಲ್ಲ. "ನಮ್ಮವ್ವನ್ನ ಎರಡನೇ ಸರ್ತಿ ಆ ಬಾಗಲದಿಂದ ಹೊರಗ ಹಾಕೂದು ನನ್ನ ಕೈಲೆ ಆಗೂದಿಲ್ಲ ಕಾಕಾ" ಅಂದ್ಲು. "ಆ ಹುಡಿಗಿಗೆ ಮನಿ ಸಿಕ್ಕೇತಿ, ಅವ್ವ ಸಿಕ್ಕಾಳ, ಆಡು ಸಿಕ್ಕೇತಿ. ನಾ ಹೊರಗಿದ್ರೇನಾತು... ನಾ ಒಳಗೂ ಅದೀನಲ್ಲ."

ಅವತ್ತಿನಿಂದ ಅಕ್ಕೋರು ಆಡಿನ ಶೆಡ್ಡಿನ್ಯಾಗ ಇರತಾಳ. ಇವತ್ತೂ. ನೀವ ಹೋಗಿ ನೋಡ್ರಿ, ಹೊಸಾ ಮಾಳಿಗಿ, ಎಣ್ಣಿ ಹಚ್ಚಿದ ಕಂಬ, ಸುಣ್ಣಾ ಬಳದ ಗ್ವಾಡಿ, ಎಲ್ಲಾ ಬಿಟ್ಟು ಹಿತ್ತಲ ತಗಡಿನ ಕೆಳಗ ಒಂದ ಹೊರಸು, ಒಂದ ಸ್ಟೋ. ಮಂದಿ ಆಕಿಗೆ ತಲಿ ಕೆಟ್ಟೈತಿ ಅಂತಾರ. ಅನ್ನಲಿ. ಸಂಜೀಕ ಆಕಿ ಹೊರಗ ಕುಂತು "ಚಂದ್ರಿ... ಗೌರಿ..." ಅಂತ ಹಾಜರಿ ಕರೀತಾಳ. ಆಡು ಹೂಂಗುಡತಾವು. ಆಮ್ಯಾಲ ಮನಿ ಒಳಗಿಂದ ಸಣ್ಣ ಹುಡಿಗಿ ದನಿ ಅವ ಹೆಸರು ಹಿಡದು ಕರೀತೈತಿ. ಆಡು ನಡುವ ನಿಂತು ಆ ಕಡೆ ನೋಡತಾವು, ಈ ಕಡೆ ನೋಡತಾವು. ಒಂದ ಆಡು ಒಳಗ ಹೋಗತೈತಿ. ಅಕ್ಕೋರು ಉಳಿದ ಮೂರನ್ನ ಕಟ್ಟಿ ದೀಪಾ ಸಣ್ಣದು ಮಾಡತಾಳ.

ಮುದುಕರು ತೊಲೆಯ ಮೇಲಿನ ಕಪ್ಪು ತಡಕಿ, ಆರಿದ ಚಹಾ ಕುಡಿದರು. ಸಾಜೀದ ಕತ್ತಲೆಯಲ್ಲೇ ಎದ್ದು, ಸೀಮೆಸುಣ್ಣ ಹುಡುಕಿ, ನಮ್ಮ ಚೌಕಟ್ಟಿನ ಯಾವ ಮುಖ ಬೀದಿಗಿತ್ತೆಂದು ನನ್ನನ್ನು ಕೇಳಿ, ಆ ಮುಖದ ಮೇಲೆ ಉದ್ದಕ್ಕೆ ಗೆರೆ ಎಳೆದ. ಸೋಫಾದ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಮಳೆ ನಿಂತಿತ್ತು, ಆದರೂ ಏಳಲು ಯಾರಿಗೂ ಮನಸ್ಸಿರಲಿಲ್ಲ.

ದ್ಯಾವಪ್ಪ ಮೆಲ್ಲಗೆ ಕೇಳಿದ, "ಅಜ್ಜಾರ... ಎಲ್ಲಾರಕಿಂತ ಮೊದಲ ಬಂದಾಂವ ಯಾರ್ರಿ? ಬೀಡಿ ಸೇದಾಂವ?"

ನಾ ನೆನಪಿಟಗೊಳ್ರಿ ಅಂದಿದ್ದೆ, ನೀ ಒಬ್ಬಾಂವರೆ ಇಟಗೊಂಡೆಲ್ಲ. ಆ ಬಾಗಲಾ ಕೀಳೂಕಿಂತ ಮೊದಲ, ಅದನ್ನ ದಾಟಿ ಕಟ್ಟಕಡೀಗೆ ಹೊರಗ ಬಂದಾಂವ ಯಾರು? ಬೀಡಿ ಹಚಗೊಂಡು ದಾಟಿದಾಂವ ಯಾರು? ಐವತ್ತ ವರ್ಷದ ಚಟಾ ನಂದು. ಬಾಗಲಾ ಕೂಡಿಸಿ ಬಂದ ಮರುದಿನಾ ಬೀಡಿ ಬಾಯಾಗಿಟ್ರ ಬೂದಿ ತಿಂದಂಗಾತು. ಅವತ್ತ ಬಿಟ್ಟೀನಿ. ಈ ಸಾಜೀದನ ಅವ್ವ ರಹಿಮತಬಿ ಇರೂತನಾ ಅಂತಿದ್ಲು, "ನೀವು ಮುಶಿಗೇರಿಯಿಂದ ಪೂರಾ ಹೊಳ್ಳಿ ಬಂದಿಲ್ಲ" ಅಂತ. ನಾ ನಕ್ಕು ತಳ್ಳತಿದ್ದೆ. ಆಕಿ ಖರೇನ ಹೇಳತಿದ್ಲು. ಪರಶಪ್ಪ ಮೇಸ್ತ್ರಿ ಹೋದ ವಾರ ಸಿಕ್ಕಿದ್ದ, ಆ ಮನಿ ಒಳಗ ಹಗಲಹೊತ್ತಿನ್ಯಾಗ ಬಾಚಿ ಸಪ್ಪಳಾ ಕೇಳತೈತಂತ ಅಂದ.

ನನಗ ಒಂದ ಹೆದರಿಕಿ ಐತಿ ತಮ್ಮಾ. ಇವತ್ತ ನಾಳೆ ನನ್ನ ಒಯ್ದು ಮಣ್ಣಾಗ ಇಡತಾರ, ಅದಕ್ಕಲ್ಲ. ನನ್ನ ಇಟ್ಟ ಬಂದ ಮ್ಯಾಲ ಅಂವಗ ಯಾರ ಹೇಳಬೇಕು? ನೀವು ಟಂಟಂ ತಗೊಂಡು ಮುಶಿಗೇರಿ ಕಡೆ ಹಾಯತೀರಿ, ಒಂದ ಉಪಕಾರ ಮಾಡ್ರಿ. ಆ ಬಾಗಲದ ಮುಂದ ಬೀಡಿ ವಾಸನಿ ಬಂದ್ರ ಗಾಡಿ ನಿಂದರಸ್ರಿ, ಹೊಸ್ತಿಲಾ ದಾಟಬ್ಯಾಡ್ರಿ, ಹೊರಗ ನಿಂತ ಅನ್ರಿ... ಉಸ್ಮಾನಾ, ಕೆಲಸಾ ಮುಗದೈತೋ, ಮನೀಗೆ ಬಾ, ಅಲ್ಲಿ ಮುದುಕ ಒಬ್ಬನ ಅದಾನ ಅಂತ.